ಕೊಂಬೆ ಸವರುವ ಮುನ್ನ ಗೂಡಿದೆಯೇ ನೋಡಲಿ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಬಸ್ ನಿಲ್ದಾಣದ ಎದುರಿನ ಗುಲ್‌ಮೊಹರ್ ಮರದ ಒಣಕೊಂಬೆಯೊಂದರಲ್ಲಿ ಕಂಚುಗಾರ ಹಕ್ಕಿಗಳ ಜೋಡಿ ಗೂಡು ಕೊರೆಯುತ್ತಿದ್ದುದನ್ನು ಫೆಬ್ರವರಿಯಿಂದ ಬೆಳಗಿನ ಬಸ್ಸಿಗೆ ಕಾಯುವಾಗಲೆಲ್ಲ ನೋಡುತ್ತಿದ್ದೆ. ತಾಮ್ರದ ಹಂಡೆಗೆ ಸುತ್ತಿಗೆ ಬಡಿದಂತೆ ‘ಟುಕ್ ಟುಕ್’ ಎಂದು ಒಂದೇ ಸಮನೆ ಕೂಗುವ ಈ ಹಕ್ಕಿಯ ದನಿಯನ್ನು ಬೇಸಿಗೆಯಲ್ಲಿ ಕೇಳದವರಿಲ್ಲ. ಆದರೆ ಗುಬ್ಬಚ್ಚಿಗಿಂತ ತುಸುವೇ ದಪ್ಪನೆಯ ಅದರ ಹಸಿರು ಮೈ ಎಲೆಗಳ ನಡುವೆ ಕರಗಿಹೋಗುವುದರಿಂದ, ಕುಂಕುಮವಿಟ್ಟಂಥ ಹಣೆಯನ್ನೂ ಹಳದಿ ಗಂಟಲನ್ನೂ ಕಂಡವರು ಕಡಿಮೆ. ಕೊಂಬೆಯ ಕೆಳಮೈಯಲ್ಲಿ ದುಂಡನೆಯ ಪುಟ್ಟ ರಂಧ್ರ. ಒಂದು ಹಕ್ಕಿ ಕೊಕ್ಕಿನ ತುಂಬ ಮರದ ಪುಡಿ ತಂದು ಹೊರಚೆಲ್ಲಿ ಹಾರಿದರೆ, ಇನ್ನೊಂದು ಒಳಹೊಗುತ್ತಿತ್ತು. ಏಪ್ರಿಲ್ ಹೊತ್ತಿಗೆ ಎರಡೂ ಪಕ್ಕದ ಬಸರಿ ಮರದ ಹಣ್ಣು ಕಚ್ಚಿ ತರತೊಡಗಿದಾಗ ಮರಿಗಳಾಗಿವೆಯೆಂದು ತಿಳಿಯಿತು.

ಕಳೆದ ವಾರ ಮಳೆಗಾಲದ ಮುನ್ನೆಚ್ಚರಿಕೆಯೆಂದು ವಿದ್ಯುತ್ ತಂತಿಗೆ ತಾಗುವ ಕೊಂಬೆಗಳನ್ನು ಸವರಲು ಬಂದವರು, ತಂತಿಯಿಂದ ಬಹುದೂರವಿದ್ದ ಆ ಒಣಕೊಂಬೆಯನ್ನೂ ಕೆಡವಿ ಹೋದರು. ಸಂಜೆ ನಾನು ಬಸ್ಸಿಳಿದಾಗ ಹಕ್ಕಿಯೊಂದು ಬಾಯಲ್ಲಿ ಹಣ್ಣಿಟ್ಟುಕೊಂಡೇ ಕೊಂಬೆಯಿದ್ದ ಜಾಗಕ್ಕೆ ಮತ್ತೆ ಮತ್ತೆ ಬಂದು ಹೋಗುತ್ತಿತ್ತು.

ತಂತಿಗೆ ತಾಗುವ, ಮುರಿದು ಬೀಳುವಂತಿರುವ ಕೊಂಬೆಗಳನ್ನು ತೆಗೆಯಲೇಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಊರಿನ ಬಹುಪಾಲು ಹಕ್ಕಿಗಳು ಮರಿಮಾಡುವ ಏಪ್ರಿಲ್–ಮೇ ತಿಂಗಳಲ್ಲೇ ಈ ಕೆಲಸವನ್ನು ಇಟ್ಟುಕೊಳ್ಳುವುದೇಕೆ? ನವೆಂಬರ್–ಡಿಸೆಂಬರ್‌ನಲ್ಲೇ ಮುಗಿಸಿದರೆ ಬೇಸಿಗೆಯ ಗಾಳಿಮಳೆಗೂ ಮೊದಲೇ ಮರಗಳು ಹಗುರಾಗುತ್ತವೆ. ಕಂಚುಗಾರನ ಕೊಕ್ಕು ಮರಕುಟಿಗನ ಕೊಕ್ಕಿನಷ್ಟು ಗಟ್ಟಿಯಲ್ಲ, ಒಣಗಿ ಮೆತ್ತಗಾದ ಕೊಂಬೆಯೇ ಅದಕ್ಕೆ ಮನೆ. ಆದ್ದರಿಂದ ಅಪಾಯವಿಲ್ಲದ ಕಡೆ ಅಂಥ ಕೊಂಬೆಗಳನ್ನು ಉಳಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೂ ಕಾಡುಹಕ್ಕಿಗಳ ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದನ್ನು ಬೇಟೆಯೆಂದೇ ಪರಿಗಣಿಸುತ್ತದೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಜನ ಹೆಜ್ಜಾರ್ಲೆಗಳಿಗೂ ಬಣ್ಣದ ಕೊಕ್ಕರೆಗಳಿಗೂ ತಮ್ಮ ಮನೆಯಂಗಳದ ಹುಣಸೆ ಮರಗಳನ್ನೇ ಬಿಟ್ಟುಕೊಟ್ಟು, ಹಿಕ್ಕೆಯ ವಾಸನೆಯನ್ನೂ ಫಸಲಿನ ನಷ್ಟವನ್ನೂ ತಲೆಮಾರುಗಳಿಂದ ಸಹಿಸಿಕೊಂಡಿದ್ದಾರೆ. ಪಟ್ಟಣದವರಿಂದ ನಾನು ಕೇಳುತ್ತಿರುವುದು ಅಷ್ಟೊಂದನ್ನಲ್ಲ. ಮರ ಹತ್ತುವ ಮುನ್ನ ಎರಡು ನಿಮಿಷ ಮೇಲೆ ನೋಡಲಿ, ಅಕ್ಕಪಕ್ಕದವರನ್ನು ವಿಚಾರಿಸಲಿ. ಆ ಗೂಡು ಎಲ್ಲಿದೆಯೆಂಬುದು ಮರದಡಿಯಲ್ಲಿ ಹೂ ಮಾರುವ ಅಮ್ಮನಿಗೂ ಗೊತ್ತಿತ್ತು. ಅವರನ್ನು ಯಾರೂ ಕೇಳಲಿಲ್ಲ.

ಇತಿ,
ನಿಮ್ಮ ಪತ್ರಿಕೆಯ ನಿತ್ಯ ಓದುಗ