ಧ್ಯಾನಕ್ಕೂ ಅಳತೆ ಇರಲಿ

ಮಾನ್ಯರೇ,

ಚಿತ್ರದುರ್ಗ, ದಾವಣಗೆರೆ ಭಾಗದ ಕಾಲೇಜುಗಳು ಒತ್ತಡ ನಿವಾರಣೆಯ ಹೆಸರಿನಲ್ಲಿ ವಿದ್ಯಾರ್ಥಿಗಳನ್ನು ಗಂಟೆಗಟ್ಟಲೆ ಕಣ್ಣು ಮುಚ್ಚಿ ಕೂರಿಸಬಾರದು. ಬೌದ್ಧರ ಆನಾಪಾನಸತಿ ಎಂಬ ಧ್ಯಾನದಲ್ಲಿ ಉಸಿರು ಬಿಗಿಹಿಡಿಯುವುದಿಲ್ಲ. ಅದು ಬಂದುಹೋಗುವುದನ್ನು ಗಮನಿಸುವುದಷ್ಟೇ. ಹೊಸಬರಿಗೆ 10 ನಿಮಿಷ ಸಾಕು: ಪಾದ ನೆಲಕ್ಕೂರಿ, ಕಣ್ಣು ಅರೆತೆರೆದು, ಮನಸ್ಸು ಜಾರಿದಾಗ ತಮ್ಮನ್ನು ತಾವೇ ಹಳಿದುಕೊಳ್ಳದೆ ಮತ್ತೆ ಉಸಿರಿಗೆ ಮರಳುವುದು. ತೀವ್ರ ಆಘಾತ ಉಂಡವರಿಗೆ ದೀರ್ಘ ಮೌನದಲ್ಲಿ ಹಳೆಯ ನೆನಪು ಮರುಕಳಿಸಿ ಗಾಬರಿ ಹೆಚ್ಚಬಹುದು. ಅವರಿಗೆ ಮೊದಲು ಬೇಕಾದುದು ಕೇಳಿಸಿಕೊಳ್ಳುವವರು. ನಮ್ಮದೇ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನ ಒತ್ತಿ ಹೇಳುವುದೂ ತಂದೆತಾಯಿಯರ ಸೇವೆ, ಜೀವದಯೆ, ಸತ್ಯಗಳನ್ನೇ, ಧ್ಯಾನದ ಗಂಟೆಗಳನ್ನಲ್ಲ. ಕಾಲೇಜುಗಳು ವಾರಕ್ಕೊಮ್ಮೆ ಆಪ್ತಸಮಾಲೋಚಕರನ್ನು ಕರೆಸಲಿ, ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416 ಅನ್ನು ಸೂಚನಾ ಫಲಕದಲ್ಲಿ ಬರೆಸಲಿ.

– ಓದುಗ, ಚಿತ್ರದುರ್ಗ