ಕೂಲಂಟ್ ದೀಪ ಹತ್ತಿದಾಗ ಟೆಂಪರೇಚರ್ ಮುಳ್ಳನ್ನು ನಂಬಬೇಡಿ

ಮಾನ್ಯ ಸಂಪಾದಕರೇ,

ಡ್ಯಾಶ್‌ಬೋರ್ಡಿನಲ್ಲಿ ಕೂಲಂಟ್ (ಎಂಜಿನ್ ತಣಿಸುವ ದ್ರವ) ಕಡಿಮೆಯಾಗಿದೆ ಎಂಬ ದೀಪ ಹತ್ತಿದರೂ, 'ಟೆಂಪರೇಚರ್ ಮುಳ್ಳು ಏರಿಲ್ಲವಲ್ಲ' ಎಂದು ಗಾಡಿ ಓಡಿಸುತ್ತಲೇ ಹೋಗುವವರಿದ್ದಾರೆ. ಎಂಜಿನ್ ಕೆಡಲು ಈ ಧೈರ್ಯವೇ ಸಾಕು. ದೀಪ ಮತ್ತು ಮುಳ್ಳಿಗೆ ಬೇರೆ ಬೇರೆ ಸೆನ್ಸರ್‌ಗಳಿವೆ. ಮುಳ್ಳಿನ ಸೆನ್ಸರ್ ಕೂಲಂಟಿನಲ್ಲಿ ಮುಳುಗಿದ್ದರಷ್ಟೇ ಸರಿಯಾದ ಬಿಸಿ ತೋರಿಸುತ್ತದೆ. ಕೂಲಂಟ್ ಸೋರಿಹೋಗಿ ಅದರ ತುದಿ ಗಾಳಿಗೆ ಬಿದ್ದರೆ, ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ ಕಾದು ಸೊಟ್ಟಗಾಗುತ್ತಿದ್ದರೂ ಮುಳ್ಳು ಮೇಲೇಳದೇ ಇರಬಹುದು.

ದೀಪ ಹತ್ತಿಸುವ ಮಟ್ಟದ ಸೆನ್ಸರ್ ಇರುವುದು ಸಾಮಾನ್ಯವಾಗಿ ಎಕ್ಸ್‌ಪ್ಯಾನ್ಷನ್ ಟ್ಯಾಂಕಿನಲ್ಲಿ, ಅಂದರೆ ಬಾನೆಟ್ ಕೆಳಗಿನ ಕೂಲಂಟ್ ಡಬ್ಬಿಯಲ್ಲಿ. ಒಂದು ಬಗೆಯಲ್ಲಿ ಅಯಸ್ಕಾಂತ ಕೂರಿಸಿದ ತೇಲು ಇರುತ್ತದೆ. ಕೂಲಂಟ್ ಇಳಿದಾಗ ತೇಲೂ ಇಳಿದು, ಅಯಸ್ಕಾಂತಕ್ಕೆ ಸ್ಪಂದಿಸುವ ರೀಡ್ ಸ್ವಿಚ್ಚಿನ ಸ್ಥಿತಿ ಬದಲಾಗಿ ದೀಪ ಹತ್ತುತ್ತದೆ. ಇನ್ನೊಂದರಲ್ಲಿ ಎರಡು ಲೋಹದ ಕಡ್ಡಿಗಳ ನಡುವೆ ಕೂಲಂಟಿನ ಮೂಲಕ ಅತ್ಯಲ್ಪ ವಿದ್ಯುತ್ ಹರಿಯುತ್ತದೆ, ಮಟ್ಟ ಇಳಿದರೆ ಹರಿವು ಕಡಿಯುತ್ತದೆ. ಈ ಎರಡನೆಯ ಬಗೆಯ ಟ್ಯಾಂಕಿಗೆ ಬರೀ ಡಿಸ್ಟಿಲ್ಡ್ ವಾಟರ್ ತುಂಬಿದರೆ, ಅದರಲ್ಲಿ ವಿದ್ಯುತ್ ಅಷ್ಟಾಗಿ ಹರಿಯದ ಕಾರಣ, ಟ್ಯಾಂಕ್ ತುಂಬಿದ್ದರೂ ದೀಪ ಹತ್ತಬಹುದು.

ದೀಪ ಬೆಳಗ್ಗೆ ಹತ್ತಿ, ಎಂಜಿನ್ ಬಿಸಿಯಾದ ಮೇಲೆ ಆರಿದರೆ ಕೂಲಂಟ್ ಕನಿಷ್ಠ ಗೆರೆಯ ಆಸುಪಾಸಿನಲ್ಲಿದೆ ಎಂದರ್ಥ. ತಣಿದಾಗ ಕುಗ್ಗಿ, ಕಾದಾಗ ಹಿಗ್ಗುವುದು ಅದರ ಗುಣ. ಟ್ಯಾಂಕ್ ಸರಿಯಾಗಿ ತುಂಬಿದ್ದೂ ದೀಪ ಆರದಿದ್ದರೆ ಕನೆಕ್ಟರಿನ ಪಿನ್ನುಗಳಿಗೆ ಕಿಲುಬು ಹಿಡಿದಿದೆಯೇ, ತೇಲು ಕೆಸರಿಗೆ ಅಂಟಿಕೊಂಡಿದೆಯೇ ನೋಡಬೇಕು. ಕನೆಕ್ಟರ್ ಕಿತ್ತು ಎರಡು ತಂತಿ ಜೋಡಿಸಿ ದೀಪ ಆರಿಸುವವರೂ ಇದ್ದಾರೆ. ದಯವಿಟ್ಟು ಯಾರೂ ಅದಕ್ಕೆ ಒಪ್ಪಬೇಡಿ. ಆಮೇಲೆ ನಿಜವಾಗಿ ಸೋರಿದ ದಿನ ಹೇಳುವವರೇ ಇರುವುದಿಲ್ಲ.

ದೀಪ ಹತ್ತಿದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಟ್ಯಾಂಕಿನ ಮುಚ್ಚಳವನ್ನು ಆಗಲೇ ಮುಟ್ಟಬೇಡಿ: ಒಳಗೆ ಸುಮಾರು 1 ಬಾರ್ ಒತ್ತಡವಿರುತ್ತದೆ, ತೆರೆದ ಕ್ಷಣ ಕೂಲಂಟ್ ಕುದ್ದು ಮುಖಕ್ಕೆ ಚಿಮ್ಮುತ್ತದೆ. ಅರ್ಧ ಗಂಟೆಯಾದರೂ ಕಾದು, ರೇಡಿಯೇಟರ್ ಪೈಪು ಕೈಗೆ ತಣ್ಣಗೆನಿಸಿದ ಮೇಲೆ ದಪ್ಪ ಬಟ್ಟೆ ಹಾಕಿ ನಿಧಾನ ತಿರುಗಿಸಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡುವ ಅಪಾಯವಿದೆ. ಕೈಪಿಡಿ ಹೇಳಿದ ಬಗೆಯ ಕೂಲಂಟನ್ನೇ ಕನಿಷ್ಠ ಮತ್ತು ಗರಿಷ್ಠ ಗೆರೆಗಳ ನಡುವೆ ಬರುವಷ್ಟು ಹಾಕಿ. ಸಾಂದ್ರ ದ್ರವವಾದರೆ ಸಾಮಾನ್ಯವಾಗಿ ಅಷ್ಟೇ ಪ್ರಮಾಣದ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ಬಣ್ಣ ಒಂದೇ ಎಂದು ಬೇರೆ ಬಗೆಯದನ್ನು ಸೇರಿಸಬೇಡಿ. ಕೂಲಂಟಿನಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಚೆಲ್ಲಿದ್ದನ್ನು ಒರೆಸಿಬಿಡಿ, ಮಕ್ಕಳೂ ನಾಯಿಗಳೂ ನೆಕ್ಕಬಾರದು.

ತುಂಬಿಸಿದ ಕೆಲವೇ ದಿನಗಳಲ್ಲಿ ದೀಪ ಮತ್ತೆ ಹತ್ತಿದರೆ ಸೋರಿಕೆ ಹುಡುಕಲೇಬೇಕು. ವಾಟರ್ ಪಂಪ್ ಕೆಳಗಿನ ಒಣಗಿದ ಕಲೆ, ಪೈಪು ಕ್ಲಾಂಪುಗಳ ಸುತ್ತಲಿನ ಬಿಳಿ ಪುಡಿ, ಮುಂದಿನ ಸೀಟಿನ ಕಾಲಡಿಯ ಒದ್ದೆ ಕಾರ್ಪೆಟ್ ಇವೆಲ್ಲ ಗುರುತುಗಳು. ಹೊರಗೆಲ್ಲೂ ಹನಿಯಿಲ್ಲದೆ ಮಟ್ಟ ಇಳಿಯುತ್ತಿದ್ದು, ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್ ಕೆಳಗಿನ ಸೀಲು) ಪರೀಕ್ಷೆ ಮಾಡಿಸಿ.

ಮಟ್ಟದ ಸೆನ್ಸರೇ ಇಲ್ಲದ ಕಾರುಗಳೂ ಬಹಳಷ್ಟಿವೆ. ಅಲ್ಲಿ ಹತ್ತುವ ಕೆಂಪು ದೀಪ ಬಿಸಿಯದ್ದು, ಮಟ್ಟದ್ದಲ್ಲ. ಕೆಲವೇ ಭಾಗಗಳ ಈ ಸೆನ್ಸರನ್ನು ತಯಾರಕರು ಎಲ್ಲ ಮಾದರಿಗಳಿಗೂ ಅಳವಡಿಸಬೇಕು. ಅಲ್ಲಿಯವರೆಗೆ ಅಂಥ ಕಾರಿನವರು ತಿಂಗಳಿಗೊಮ್ಮೆಯಾದರೂ ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ ಟ್ಯಾಂಕಿನ ಗೆರೆ ನೋಡಲಿ.

– ವಾಹನ ದುರಸ್ತಿ ಬಲ್ಲ ಓದುಗ