ಸಂತ ತೋಮಸರ ನೆನಪು ಪೋರ್ಚುಗೀಸರು ತಂದದ್ದಲ್ಲ

ಮಾನ್ಯರೇ,

ಜುಲೈ 3 ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬರಾದ ಸಂತ ತೋಮಸರ ಹಬ್ಬ. ಅದು ಹತ್ತಿರ ಬಂದಂತೆ ಹಳೇ ಜಗಳವೂ ಶುರುವಾಗುತ್ತದೆ. ಕ್ರಿ.ಶ. 52ರಲ್ಲಿ ಅವರು ಕೇರಳದ ಕೊಡುಂಗಲ್ಲೂರಿನಲ್ಲಿ ಬಂದಿಳಿದದ್ದು ಖಚಿತ ಅಂತ ಒಂದು ಗುಂಪು. ಇದೆಲ್ಲ ಪೋರ್ಚುಗೀಸರು ಕಟ್ಟಿದ ಕಥೆ ಅಂತ ಇನ್ನೊಂದು. ಎರಡನೆಯ ಮಾತು ನನಗೆ ಜಾಸ್ತಿ ನೋವು ಕೊಡುತ್ತದೆ.

ಅವರು ಬಂದ ವರ್ಷ 52, ಚೆನ್ನೈನ ಮೈಲಾಪುರದ ಬಳಿ ಈಟಿಯಿಂದ ಇರಿದು ಕೊಂದ ವರ್ಷ 72 ಎಂಬುದು ಪರಂಪರೆಯ ನಂಬಿಕೆ. ಆ ಕಾಲದ ಶಾಸನ ಸಿಕ್ಕಿಲ್ಲ. ಇದನ್ನು ಹೇಳಲು ಭಕ್ತರು ಹಿಂಜರಿಯಬೇಕಿಲ್ಲ. ಸತ್ತು ಎದ್ದು ಬಂದ ಯೇಸುವಿನ ಗಾಯ ಮುಟ್ಟಿ ನೋಡದೆ ನಂಬಲಾರೆ ಎಂದವರು ಸ್ವತಃ ತೋಮಸರೇ ಅಲ್ವಾ? ಯೇಸುವಿನ ಜೀವಕ್ಕೆ ಅಪಾಯವಿದ್ದಾಗ 'ನಾವೂ ಹೋಗಿ ಅವರೊಂದಿಗೆ ಸಾಯೋಣ' ಎಂದವರೂ ಅವರೇ. ಇದನ್ನು ಮಾತ್ರ ಯಾರೂ ನೆನೆಯುವುದಿಲ್ಲ.

ಆದರೆ ಕಥೆ ಪೋರ್ಚುಗೀಸರದ್ದಲ್ಲ. 3ನೇ ಶತಮಾನದ, ಪಶ್ಚಿಮ ಏಷ್ಯಾದ ಕ್ರೈಸ್ತರ ಹಳೇ ಭಾಷೆಯಾದ ಸಿರಿಯಾಕ್‌ನ ಗ್ರಂಥವೊಂದರಲ್ಲೇ ತೋಮಸರು ಭಾರತಕ್ಕೆ ಬರುತ್ತಾರೆ. ಅರಮನೆ ಕಟ್ಟು ಅಂತ ರಾಜ ಗೊಂಡೋಫರಸ್ ಕೊಟ್ಟ ಹಣವನ್ನು ಬಡವರಿಗೆ ಹಂಚಿಬಿಡುತ್ತಾರೆ. ಆ ರಾಜ ವಾಯವ್ಯ ಭಾರತವನ್ನು ಆಳಿದ್ದು ನಿಜ ಎಂದು 19ನೇ ಶತಮಾನದಲ್ಲಿ ಸಿಕ್ಕ ನಾಣ್ಯಗಳಿಂದ ಗೊತ್ತಾಯಿತು. ಅಷ್ಟರಿಂದಲೇ ತೋಮಸರು ಬಂದದ್ದು ಸಾಬೀತಾಗುವುದಿಲ್ಲ, ನಿಜ. 6ನೇ ಶತಮಾನದಲ್ಲಿ ಕಾಸ್ಮಾಸ್ ಎಂಬ ಗ್ರೀಕ್ ಲೇಖಕ ಮೆಣಸು ಬೆಳೆಯುವ ಮಲಬಾರಿನಲ್ಲಿ ಕ್ರೈಸ್ತರಿದ್ದಾರೆ ಎಂದು ಬರೆದಿದ್ದಾನೆ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಕೊಲ್ಲಂನ ತರಿಸಾಪ್ಪಳ್ಳಿ ತಾಮ್ರಪಟ. ಕಾಲ ಕ್ರಿ.ಶ. 849. ದಕ್ಷಿಣ ಕೇರಳದ ವೇಣಾಡಿನ ಅರಸ ಅಯ್ಯನ್ ಅಡಿಗಳ್ ಒಂದು ಚರ್ಚಿಗೆ ಭೂಮಿಯನ್ನೂ ಹಕ್ಕುಗಳನ್ನೂ ಕೊಟ್ಟ ದಾಖಲೆ ಇದು. ಸಾಕ್ಷಿಗಳ ಸಹಿ ಅರಬ್ಬಿ, ಪಹ್ಲವಿ (ಹಳೇ ಪರ್ಷಿಯನ್), ಹೀಬ್ರೂ ಲಿಪಿಗಳಲ್ಲಿವೆ. ಹಿಂದೂ ಅರಸ ಕೊಟ್ಟ ದಾನ, ತೆಗೆದುಕೊಂಡದ್ದು ಕ್ರೈಸ್ತರ ಚರ್ಚು, ಸಾಕ್ಷಿಗೆ ಮುಸ್ಲಿಮರು, ಯಹೂದಿಗಳು, ಪಾರಸಿಗಳು! ವಾಸ್ಕೋ ಡ ಗಾಮ ಬರುವುದಕ್ಕೆ ಇನ್ನೂ ಆರುನೂರು ವರ್ಷಕ್ಕೂ ಹೆಚ್ಚು ಇತ್ತು.

ಬಂದ ಪೋರ್ಚುಗೀಸರು, ತಮ್ಮ ಮತ ತೋಮಸರಿಂದಲೇ ಬಂತೆಂದು ನಂಬುವ ಕೇರಳದ ಈ ಕ್ರೈಸ್ತರಿಗೆ ಮಾಡಿದ್ದೇನು? 1599ರಲ್ಲಿ ಪೋರ್ಚುಗೀಸ್ ಆರ್ಚ್‌ಬಿಷಪ್ ಕರೆದ ಉದಯಂಪೇರೂರು ಧರ್ಮಸಭೆ ಅವರ ಪೂಜಾಕ್ರಮವನ್ನು ತಿದ್ದಿತು. ಅವರ ಸಿರಿಯಾಕ್ ಪುಸ್ತಕಗಳು ಬೆಂಕಿಗೆ ಬಿದ್ದವು. 1653ರಲ್ಲಿ ಕೊಚ್ಚಿಯ ಮಟ್ಟಂಚೇರಿಯಲ್ಲಿ ಇದೇ ತೋಮಸ್ ಕ್ರೈಸ್ತರು ಶಿಲುಬೆಗೆ ಹಗ್ಗ ಕಟ್ಟಿ ಹಿಡಿದು, ಇನ್ನು ಆ ಪೋರ್ಚುಗೀಸ್ ಪಾದ್ರಿಗಳ ಆಳ್ವಿಕೆಗೆ ಒಳಗಾಗುವುದಿಲ್ಲ ಎಂದು ಪ್ರಮಾಣ ಮಾಡಿದರು. ಇಂಥವರನ್ನು ಪೋರ್ಚುಗೀಸರ ಸೃಷ್ಟಿ ಎನ್ನುವುದು ದೊಡ್ಡ ಅನ್ಯಾಯ.

ಈ ಸಮುದಾಯದ ಎಷ್ಟೋ ಕುಟುಂಬಗಳು ನಮ್ಮ ಬೆಳ್ತಂಗಡಿ, ನರಸಿಂಹರಾಜಪುರ, ಭದ್ರಾವತಿ ಕಡೆ ಬಂದು ನೆಲೆಸಿವೆ. ರಬ್ಬರು, ಮೆಣಸು ಬೆಳೆಯುತ್ತಾ ಇಲ್ಲಿಯವರೇ ಆಗಿದ್ದಾರೆ. ಆದರೂ 'ಬ್ರಿಟಿಷರ ಕಾಲದಲ್ಲಿ ಮತ ಬದಲಿಸಿದವರು' ಅಂತ ಅವರ ಬಗ್ಗೆ ಸುಮ್ನೆ ಆಡಿಬಿಡುವವರಿದ್ದಾರೆ. ಪಕ್ಕದ ಮನೆಯವರ ಇತಿಹಾಸ ನಮಗೆ ಇಷ್ಟೂ ತಿಳಿಯದಿರುವುದು ಸರಿಯಲ್ಲ.

ಮುಂದಿನ ಜುಲೈ 3ಕ್ಕೆ ನಿಮ್ಮ ಪತ್ರಿಕೆ ತರಿಸಾಪ್ಪಳ್ಳಿ ತಾಮ್ರಪಟದ ಚಿತ್ರ ಹಾಕಿ ಒಂದು ಲೇಖನ ಕೊಡಲಿ ಎಂದು ಕೇಳಿಕೊಳ್ಳುತ್ತೇನೆ. ತೋಮಸರು ಬಂದರೋ ಇಲ್ಲವೋ ಎಂಬ ಚರ್ಚೆಗೂ ಅದರಲ್ಲಿ ಜಾಗವಿರಲಿ.

ಇತಿ,
ಒಬ್ಬ ಓದುಗ, ಬೆಳ್ತಂಗಡಿ